ಬಳ್ಳಿಯ ತುಂಡು, ಸೀಸೆಯ ಹೂವು

ಜನವರಿ ೯

ಮಹಾಪಂಡಿತರಾದ ಭಾವನವರಿಗೆ,

ನಾನು ಕ್ಷೇಮ. ನೀವು ಕ್ಷೇಮವೋ ಎಂದು ಕೇಳುವುದಿಲ್ಲ. ನಿಮ್ಮಂಥವರ ಹತ್ತಿರ ಸುಳಿಯಲು ನೆಗಡಿಯೂ ಹೆದರುತ್ತದೆ.

ನಮ್ಮ ಒಣಗಿಡಗಳ ಭಂಡಾರದಿಂದ ನೀವು ಎರವಲು ಒಯ್ದ ಕಾಗದದ ಪೊಟ್ಟಣ ಇನ್ನೂ ವಾಪಸು ಬಂದಿಲ್ಲ. ಅಕ್ಕ ತೀರಿಕೊಂಡ ವಾರದಲ್ಲಿ ನೀವೇ ಈ ನೆಲಮಾಳಿಗೆಗೆ ಇಳಿದು ಬಂದು, ಮೂಗಿಗೆ ಕರವಸ್ತ್ರ ಒತ್ತಿಕೊಂಡು, "ಒಂದು ತಿಂಗಳಲ್ಲಿ ಕೊಡ್ತೀನಿ" ಎಂದು ತೆಗೆದುಕೊಂಡು ಹೋದದ್ದು. ಎರಡು ವರ್ಷವಾಯಿತು. ಇದು ಎಷ್ಟನೆಯ ಜ್ಞಾಪನೆಯೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಹೊತ್ತಿಗೆ ನಿರ್ದೇಶಕರಿಗೆ ದೂರು ಹೋಗಿರುತ್ತಿತ್ತು. ಅಕ್ಕನ ಗಂಡ ಎಂಬ ಒಂದೇ ಕಾರಣಕ್ಕೆ ಹಲ್ಲು ಕಚ್ಚಿಕೊಂಡು ಕೂತಿದ್ದೇನೆ.

ಇನ್ನೊಂದು ಸುದ್ದಿ ಕಿವಿಗೆ ಬಿತ್ತು. ಉಷ್ಣವಲಯದ ಪರಾವಲಂಬಿ ಹೂಗಿಡಗಳ ಕುಟುಂಬವನ್ನು ಹೊಸದಾಗಿ ವಿಂಗಡಿಸುವ ಸಮಿತಿಗೆ ನೀವೇ ಅಧ್ಯಕ್ಷರಂತೆ. ಆಹಾ! ಆ ಕುಟುಂಬದ ಕಥೆಯೇ ಒಂದು ನಗೆಪಾಟಲು. ಎಲೆಯಿಲ್ಲ, ಕಾಂಡವಿಲ್ಲ, ಬೇರಿಲ್ಲ. ಇನ್ನೊಂದು ಬಳ್ಳಿಯ ಒಡಲೊಳಗೆ ದಾರದ ಎಳೆಗಳ ಹಾಗೆ ಹರಡಿಕೊಂಡು, ಅದರ ರಸ ಕುಡಿದು ಬದುಕಿ, ಕೊನೆಗೊಂದು ದಿನ ತೊಗಟೆ ಸೀಳಿ ಹೂವನ್ನು ಮಾತ್ರ ಹೊರಗೆ ಹಾಕುವ ಗಿಡಗಳು. ಹಳೆಯ ಪಂಡಿತರು ಏನು ಮಾಡಿದರು? ಇವುಗಳಲ್ಲಿ ಏನಿದೆ ಎಂದು ನೋಡಲಿಲ್ಲ, ಏನಿಲ್ಲ ಎಂದು ನೋಡಿ ಎಲ್ಲವನ್ನೂ ಒಂದೇ ಕುಟುಂಬಕ್ಕೆ ತುರುಕಿದರು. ತಲೆ ಬೋಳಾದವರೆಲ್ಲ ಒಂದೇ ತಾಯಿಯ ಮಕ್ಕಳು ಎಂದ ಹಾಗಾಯಿತು. (ನಿಮ್ಮ ತಲೆಯ ಬಗ್ಗೆ ಹೇಳಿದ್ದಲ್ಲ. ಹಾಗೆಂದುಕೊಂಡರೂ ಅಡ್ಡಿಯಿಲ್ಲ.) ಈಗ ಡಿಎನ್‌ಎ ನೋಡಿದ ಮೇಲೆ, ಅವು ಒಂದಕ್ಕೊಂದು ಗುರುತು ಪರಿಚಯವೂ ಇಲ್ಲದ ನಾಲ್ಕು ಗುಂಪು ಎಂದು ಗೊತ್ತಾಗಿದೆ. ಒಡೆಯುವ ಕೆಲಸಕ್ಕೆ ಸರಿಯಾದ ಮನುಷ್ಯನನ್ನೇ ಆರಿಸಿದ್ದಾರೆ. ಕುಟುಂಬ ಒಡೆಯುವುದರಲ್ಲಿ ನಿಮ್ಮ ಅನುಭವ ದೊಡ್ಡದು.

ಅಕ್ಕ ಕೊನೆಯ ಸಲ ತಂದ ಹೂವು ಇಲ್ಲಿ, ನನ್ನ ಕಪಾಟಿನಲ್ಲಿ, ಸೀಸೆಯೊಳಗೆ ಭದ್ರವಾಗಿದೆ. ಅದರ ಜೊತೆಯ ಪೊಟ್ಟಣ ಮಾತ್ರ ನಿಮ್ಮಲ್ಲಿದೆ. ದಯವಿಟ್ಟು ಕಳಿಸಿಕೊಡಿ.

ನಿಮ್ಮ ನಾದಿನಿ,
ಕಪಾಟುಗಳ ಮೇಲ್ವಿಚಾರಕಿ


ಜನವರಿ ೨೮

ನಾದಿನಿಗೆ,

ನಿನ್ನ ಪತ್ರ ತಲುಪಿತು. ಲಕೋಟೆ ಒಡೆಯುವ ಮೊದಲೇ ನುಸಿಗುಳಿಗೆಯ ವಾಸನೆ ಬರೆದವರು ಯಾರೆಂದು ಹೇಳಿತು.

ನಿನ್ನ ಕೊಂಕಿಗೆ ಉತ್ತರ ಕೊಡುವಷ್ಟು ಬಿಡುವು ನನಗಿಲ್ಲ. ಅಂಟು ಹಚ್ಚಿ ಹಾಳೆಗೆ ಎಲೆ ಮೆತ್ತುವುದನ್ನೇ ವಿಜ್ಞಾನ ಎಂದು ನಂಬಿದವರಲ್ಲಿ ನೀನೇ ಕೊನೆಯವಳಿರಬೇಕು. ನಾವು ಇಲ್ಲಿ ಮೂರನೆಯ ಮಹಡಿಯಲ್ಲಿ ಬೇರೆ ಕೆಲಸ ಮಾಡುತ್ತಿದ್ದೇವೆ. ಒಂದು ಮಾತು ಮಾತ್ರ ತಿಳಿಸುವುದು ಧರ್ಮ ಎಂದು ತಿಳಿಸುತ್ತೇನೆ, ಏಕೆಂದರೆ ಅದು ನಿನ್ನ ಅಕ್ಕನಿಗೆ ಸಂಬಂಧಪಟ್ಟದ್ದು.

ಅವಳು ಕೊನೆಗೆ ತಂದ ಆ ಗಿಡದ ಡಿಎನ್‌ಎ ತೆಗೆಸಿದೆ. ಫಲಿತಾಂಶ ನೋಡಿ ಸಮಿತಿಯವರು ಕುರ್ಚಿಯಿಂದ ಎದ್ದು ನಿಂತರು. ಅದು ನಾಲ್ಕು ಗುಂಪುಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ಅದು ದ್ರಾಕ್ಷಿಯ ಕುಟುಂಬದ್ದು! ತಾನು ಯಾವ ಕುಟುಂಬದ ಬಳ್ಳಿಯ ಮೇಲೆ ಬದುಕುತ್ತದೋ ಅದೇ ಕುಟುಂಬದಲ್ಲಿ ಹುಟ್ಟಿದ ಪರಾವಲಂಬಿ. ಸ್ವಂತ ನೆಂಟರನ್ನೇ ಹೀರುವ ಹೂವು. ಇಂಥದ್ದನ್ನು ಇದುವರೆಗೆ ಯಾರೂ ಕಂಡಿಲ್ಲ. ಹೊಸ ಕುಲವೆಂದು ಪ್ರಕಟಿಸುತ್ತಿದ್ದೇನೆ. ಕುಲಕ್ಕೆ ನಿನ್ನ ಅಕ್ಕನ ಹೆಸರು. ಏಪ್ರಿಲ್ ಸಂಚಿಕೆಯಲ್ಲಿ ಬರುತ್ತದೆ.

ಜೀವಮಾನವೆಲ್ಲ ಕಾಡು ಸುತ್ತಿದವಳು. ಅವಳ ಹೆಸರಿನ ಒಂದು ಹುಲ್ಲುಕಡ್ಡಿಯೂ ಇಲ್ಲ ಎಂದು ನೀನೇ ಹೋದಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೆಯಲ್ಲ. ಈಗ ಬಾಯಿ ಮುಚ್ಚಿಕೊಳ್ಳಬಹುದು.

ನಿನ್ನ ಭಾವ


ಫೆಬ್ರವರಿ ೪

ಭಾವನವರಿಗೆ,

ಕುರ್ಚಿಯಿಂದ ಎದ್ದು ನಿಂತವರನ್ನು ಮತ್ತೆ ಕೂರಲು ಹೇಳಿ.

ಒಂದೇ ಪ್ರಶ್ನೆ. ಹೂವು ನನ್ನ ಸೀಸೆಯಲ್ಲಿದೆ. ನೀವು ಅರೆದದ್ದು ಏನನ್ನು?

ನಾದಿನಿ


ಫೆಬ್ರವರಿ ೧೯

ನಾದಿನಿಗೆ,

ಪೊಟ್ಟಣದಲ್ಲಿದ್ದ ಒಣ ಮೊಗ್ಗನ್ನು. ಇನ್ನೇನನ್ನು ಅರೆಯಲಿ? ನಿನ್ನ ಸೀಸೆಯ ಹೂವು ಫಾರ್ಮಲಿನ್ನಿನಲ್ಲಿ ನೆನೆದು ಉಪ್ಪಿನಕಾಯಿಯಾಗಿದೆ, ಅದರಲ್ಲಿ ಡಿಎನ್‌ಎ ಉಳಿದಿರುವುದಿಲ್ಲ. ಈ ಕಾಲದ ಮಕ್ಕಳಿಗೂ ಗೊತ್ತಿರುವ ವಿಷಯ. ಪೊಟ್ಟಣದ ಮೇಲೆ ನಿನ್ನ ಅಕ್ಕನ ಕೈಬರಹದಲ್ಲೇ ಸಂಖ್ಯೆ ಇದೆ, ನಿನ್ನ ಸೀಸೆಯ ಮೇಲೂ ಅದೇ ಸಂಖ್ಯೆ ಇದೆ. ಒಂದೇ ಸಂಖ್ಯೆ, ಒಂದೇ ಗಿಡ. ಆ ಮೊಗ್ಗೇ ಮೂಲ ಮಾದರಿ ಎಂದು ಲೇಖನದಲ್ಲಿ ಬರೆದಾಗಿದೆ.

ನಿನ್ನ ಹೊಟ್ಟೆಕಿಚ್ಚು ನನಗೆ ಅರ್ಥವಾಗದ ವಿಷಯವಲ್ಲ. ಅಕ್ಕನ ಹೆಸರು ಉಳಿಯಬೇಕು, ಆದರೆ ಈ ಮನುಷ್ಯನ ಕೈಯಿಂದ ಉಳಿಯಬಾರದು, ಅಷ್ಟೇ ತಾನೆ? ಅಂದ ಹಾಗೆ, ಆ ಲೇಖನದಲ್ಲಿ ಎಲ್ಲಿಯೂ ನಿನ್ನ ನೆಲಮಾಳಿಗೆಯ ಹೆಸರು ಬರುವುದಿಲ್ಲ. ಹುಡುಕಿ ಕಣ್ಣು ನೋಯಿಸಿಕೊಳ್ಳಬೇಡ. ಇನ್ನು ಮುಂದೆ ನಿನ್ನ ಲಕೋಟೆಗಳನ್ನು ಒಡೆಯುವ ತೊಂದರೆಯನ್ನೂ ನಾನು ತೆಗೆದುಕೊಳ್ಳುವುದಿಲ್ಲ.

ನಿನ್ನ ಭಾವ


ಮಾರ್ಚ್ ೧೧

ಭಾವನವರಿಗೆ,

ಮೂರು ವಾರ ಸುಮ್ಮನಿದ್ದೆ. ಸುಮ್ಮನಿದ್ದುಬಿಡಬೇಕು ಎಂದೇ ಇದ್ದೆ. ನಿಮ್ಮ ಲೇಖನ ಅಚ್ಚಾಗಲಿ, ನೀವು ಸಭೆಗಳಲ್ಲಿ ಬೆನ್ನು ತಟ್ಟಿಸಿಕೊಳ್ಳಿ, ಆಮೇಲೆ ಎರಡು ಪುಟದ ಉತ್ತರ ಬರೆದು ನಿಮ್ಮ ಜಂಭವನ್ನೆಲ್ಲ ನೆಲಕ್ಕೆ ಇಳಿಸುತ್ತೇನೆ ಎಂದುಕೊಂಡು, ಆ ಎರಡು ಪುಟವನ್ನು ಬರೆದೂ ಬರೆದೆ. ಎಷ್ಟು ಖುಷಿಯಾಯಿತು ಗೊತ್ತೆ? ಓದಿಕೊಂಡು ಒಬ್ಬಳೇ ನಕ್ಕೆ. ಕೊನೆಯ ಸಾಲಿಗೆ ಬಂದಾಗ ನಗು ನಿಂತುಹೋಯಿತು. ಆ ಸಾಲಿನಲ್ಲಿ ಅಕ್ಕನ ಹೆಸರು ಹೊಡೆದು ಹಾಕಬೇಕಿತ್ತು.

ಆದ್ದರಿಂದ ಕೇಳಿ. ನೀವು ಅರೆದದ್ದು ಮೊಗ್ಗಲ್ಲ. ಅದು ಬಳ್ಳಿಯ ಗಂಟು.

ಅದು ಸಿಕ್ಕ ದಿನ ಕಾಡಿನಲ್ಲಿ ನಾನು ಅಕ್ಕನ ಜೊತೆಗೇ ಇದ್ದೆ. ಕೊಳೆತ ವಾಸನೆ ಬಂತು. "ಇಲ್ಲೆಲ್ಲೋ ಇಲಿ ಸತ್ತಿದೆ" ಎಂದೆ. ಅವಳು ಬಳ್ಳಿಯ ಬುಡದ ಹತ್ತಿರ ಮಂಡಿಯೂರಿ ಕೂತು, "ಸತ್ತಿಲ್ಲ ಕಣೆ, ಅರಳಿದೆ" ಎಂದಳು. ಹೆಬ್ಬೆರಳಿನ ಉಗುರಿನಷ್ಟು ಹೂವು, ಹಸಿ ಮಾಂಸದ ಬಣ್ಣ, ತೊಗಟೆಯಲ್ಲಿ ಒಂದೇ ಒಂದು. ಅದನ್ನು ಸೀಸೆಗೆ ಹಾಕಿದಳು. ಆಮೇಲೆ ಒಂದು ಮೊಳ ಆಚೆಗೆ, ಹೂವಿನ ಎಳೆಗಳು ತಲುಪದ ಕಡೆ, ಅದೇ ಬಳ್ಳಿಯ ಒಂದು ತುಂಡು ಕತ್ತರಿಸಿ ಕಾಗದದಲ್ಲಿ ಮಡಿಸಿದಳು. ಪರಾವಲಂಬಿ ಸಿಕ್ಕಾಗಲೆಲ್ಲ ಅವಳು ಹಾಗೇ ಮಾಡುತ್ತಿದ್ದಳು. "ಯಾರ ಮನೇಲಿ ಉಣ್ತಿದೆ ಅಂತ ಗೊತ್ತಿಲ್ಲದೆ ಇದರ ಪರಿಚಯ ಹೇಳೋಕಾಗುತ್ತೇನೆ?" ಎನ್ನುತ್ತಿದ್ದಳು. ಹೂವಿಗೂ ಬಳ್ಳಿಗೂ ಒಂದೇ ಸಂಖ್ಯೆ ಬರೆಯುತ್ತಿದ್ದಳು, ಎರಡೂ ಜೊತೆಯಲ್ಲೇ ಇರಲಿ ಎಂದು. ಬಿಚ್ಚಿ ನೋಡುವವರು ನಾವಿಬ್ಬರೇ ಆದ್ದರಿಂದ ಬೇರೇನೂ ಬರೆಯಬೇಕಾಗಿರಲಿಲ್ಲ. ನೀವು ಪೊಟ್ಟಣ ಕೇಳಿದಾಗ ಬಳ್ಳಿ ಯಾವುದೆಂದು ನೋಡಲಿಕ್ಕೆ ಇರಬೇಕು ಎಂದುಕೊಂಡೆ.

ಮೂವತ್ತು ವರ್ಷ ಒಂದೇ ಸೂರಿನಡಿ ಇದ್ದಿರಿ. ನಿಮ್ಮ ಊಟದ ಮೇಜಿನ ಮೇಲೆಯೇ ಅವಳು ಇವನ್ನು ಹರಡಿಕೊಂಡು ಕೂರುತ್ತಿದ್ದಳು, ನೀವು ಪತ್ರಿಕೆ ಅಡ್ಡ ಹಿಡಿದುಕೊಂಡು ಊಟ ಮಾಡುತ್ತಿದ್ದಿರಿ. ಅವಳು ಹೇಗೆ ಕೆಲಸ ಮಾಡುತ್ತಾಳೆ ಎಂದು ಒಂದು ದಿನವಾದರೂ ಕಣ್ಣೆತ್ತಿ ನೋಡಿದ್ದರೆ ಈ ಗತಿ ಬರುತ್ತಿರಲಿಲ್ಲ. ದ್ರಾಕ್ಷಿಯ ಕುಟುಂಬವಂತೆ! ದ್ರಾಕ್ಷಿ ಬಳ್ಳಿಯ ನೆಂಟ ಬಳ್ಳಿಯನ್ನೇ ಅರೆದರೆ ದ್ರಾಕ್ಷಿ ಬಾರದೆ ಬದನೆಕಾಯಿ ಬರುತ್ತದೆಯೇ? ಈ ಹೂಗಳು ಆಶ್ರಯ ಕೊಟ್ಟ ಬಳ್ಳಿಯ ವಂಶವಾಹಿಗಳನ್ನೂ ಒಂದೊಂದು ಕದಿಯುತ್ತವೆ, ಅದರಿಂದ ಮೋಸ ಹೋದ ದೊಡ್ಡವರು ಎಷ್ಟೋ ಮಂದಿ ಇದ್ದಾರೆ. ಆದರೆ ನಿಮ್ಮದು ಆ ಮರ್ಯಾದೆಯ ಮೋಸವೂ ಅಲ್ಲ. ಅಲ್ಲಿ ಹೂವೇ ಇರಲಿಲ್ಲ.

ನೀವು ನಗೆಗೀಡಾದರೆ ನನಗೇನೂ ನಷ್ಟವಿಲ್ಲ, ಟಿಕೆಟ್ ಕೊಂಡು ಬಂದು ನೋಡುತ್ತೇನೆ. ಆದರೆ ನಿಯಮ ನಿಮಗೆ ಗೊತ್ತು. ಹೆಸರು ಅಂಟಿಕೊಳ್ಳುವುದು ನಿಮ್ಮ ವರ್ಣನೆಗಲ್ಲ, ಮೂಲ ಮಾದರಿ ಎಂದು ನೀವು ಬೆರಳು ತೋರಿಸಿದ ತುಂಡಿಗೆ. ಆ ತುಂಡು ಬೇಲಿ ಬೇಲಿಗೂ ಹಬ್ಬುವ ಬಳ್ಳಿ. ಅದಕ್ಕೆ ಹಳೆಯ ಹೆಸರು ಇದ್ದೇ ಇದೆ, ಹಳೆಯದೇ ನಿಲ್ಲುತ್ತದೆ. ಅಕ್ಕನ ಹೆಸರು ಅದರ ಕೆಳಗೆ, ತಪ್ಪು ಹೆಸರುಗಳ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ ಬಿದ್ದಿರುತ್ತದೆ. ಒಮ್ಮೆ ಹೀಗೆ ಕೆಟ್ಟ ಹೆಸರನ್ನು ಮತ್ತೆ ಯಾವ ಗಿಡಕ್ಕೂ ಇಡುವಂತಿಲ್ಲ. ಅವಳ ಹೂವಿಗೂ ಇಡುವಂತಿಲ್ಲ. ಅವಳನ್ನು ಎರಡನೆಯ ಸಲ ಹೂಳಿದ ಹಾಗೆ.

ಲೇಖನ ನಿಲ್ಲಿಸಿ. ಎರಡು ವರ್ಷ ಕೈಯಲ್ಲಿಟ್ಟುಕೊಂಡು ನೀನೇ ಯಾಕೆ ಹೆಸರಿಡಲಿಲ್ಲ ಎಂದು ಕೇಳುತ್ತೀರಿ. ಆ ಸೀಸೆ ಎತ್ತಿಕೊಂಡರೆ ಮುಚ್ಚಳ ತೆಗೆಯಲು ಕೈ ಬರುವುದಿಲ್ಲ, ಅಷ್ಟೇ. ನಿಮ್ಮ ಕಾಲಿಗೆ ಬೀಳುವವಳಲ್ಲ ನಾನು. ಆದರೆ ಈ ಪತ್ರವನ್ನು ಬಿದ್ದಿದ್ದಾಳೆ ಎಂದೇ ಓದಿಕೊಳ್ಳಿ.

ನಾದಿನಿ


ಮೇ ೬

ನಾದಿನಿಗೆ,

ಲೇಖನ ಪ್ರಕಟವಾಗಿದೆ. ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ.

ನಿನ್ನ ಮಾರ್ಚ್ ತಿಂಗಳ ಪತ್ರ ಆಗಲೇ ಬಂದಿತ್ತು. ಹೇಳಿದ ಹಾಗೆ, ಒಡೆಯದೆ ಮೇಜಿನ ಖಾನೆಗೆ ಹಾಕಿದ್ದೆ. ಮೊನ್ನೆ ಸ್ಟೇಪ್ಲರ್ ಹುಡುಕುವಾಗ ಕೈಗೆ ಸಿಕ್ಕಿತು. ಲಕೋಟೆ ದಪ್ಪವಾಗಿತ್ತು. ನೀನು ಬೈಯಲು ಇಷ್ಟು ಕಾಗದ ಖರ್ಚು ಮಾಡುವವಳಲ್ಲ ಎನಿಸಿ ಒಡೆದೆ.

ಉಳಿದಿದ್ದ ತುಂಡನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಗಂಟು. ಬರೀ ಗಂಟು.

ನನಗೆ ಗೊತ್ತಿರಲಿಲ್ಲ. ಅವಳು ಬಳ್ಳಿಯನ್ನೂ ಬೇರೆಯಾಗಿ ತರುತ್ತಿದ್ದಳು ಎಂದು ಗೊತ್ತಿರಲಿಲ್ಲ.

ಇನ್ನು ಮಾಡುವುದಕ್ಕೆ ಏನೂ ಉಳಿದಿಲ್ಲ. ನಿನ್ನ ಎರಡು ಪುಟವನ್ನು ಧಾರಾಳವಾಗಿ ಕಳಿಸು. ನನ್ನನ್ನು ಏನು ಬೇಕಾದರೂ ಬೈದು ಬರೆ, ನಾನು ಎದುರು ಹೇಳುವುದಿಲ್ಲ.

ಭಾವ


ಮೇ ೧೨

ಭಾವನವರಿಗೆ,

ಪ್ರತಿ ಬಂದ ದಿನ ಅದನ್ನು ಬಾಗಿಲಿಗೆ ಎಸೆದೆ. ಪಕ್ಕದ ಕೋಣೆಯ ಚಿತ್ರಗಾರ ಓಡಿ ಬಂದು "ಏನ್ರೀ ಬಿತ್ತು?" ಎಂದ. "ನಮ್ಮ ಭಾವ" ಎಂದೆ.

ಮಾರನೆಯ ದಿನ ಎತ್ತಿಕೊಂಡು ಓದಿದೆ. ನಿಮ್ಮ ಬರವಣಿಗೆ ಯಥಾಪ್ರಕಾರ ಹೊಟ್ಟೆ ತೊಳಸುವಂತಿದೆ. "ಈ ಲೇಖಕನ ವಿನಮ್ರ ಅಭಿಪ್ರಾಯದಲ್ಲಿ" ಎಂದು ಪುಟ ಪುಟಕ್ಕೂ ಬರೆದುಕೊಂಡಿದ್ದೀರಿ. ನಿಮಗೂ ವಿನಯಕ್ಕೂ ಎಲ್ಲಿಯ ನಂಟು? ಆಮೇಲೆ ಮೂಲ ಮಾದರಿಯ ಸಾಲಿಗೆ ಬಂದೆ. ಸಂಖ್ಯೆ ಇದೆ. ತಂದವಳ ಹೆಸರಿದೆ. ತಂದ ತಾರೀಖಿದೆ. ಅದನ್ನು ಯಾವ ಭಂಡಾರದಲ್ಲಿ ಇಡಲಾಗಿದೆ ಎಂದು ಇಲ್ಲ.

ಮತ್ತೆ ಓದಿದೆ. ಹಿಂದೆ ಮುಂದೆ ಎಲ್ಲ ಹುಡುಕಿದೆ. ಇಲ್ಲವೇ ಇಲ್ಲ!

ಭಾವ, ನಿಮಗೆ ನಿಯಮ ಮರೆತುಹೋಗಿದೆ, ನಾನು ಅದನ್ನೇ ತಿಂದು ಬದುಕುವವಳು. ಹೊಸ ಹೆಸರಿಡುವವರು ಮೂಲ ಮಾದರಿ ಯಾವ ಭಂಡಾರದಲ್ಲಿದೆ ಎಂದು ಅಲ್ಲೇ ಹೇಳಲೇಬೇಕು. ಹೇಳದಿದ್ದರೆ ಆ ಹೆಸರು ಲೆಕ್ಕಕ್ಕಿಲ್ಲ. ಅಚ್ಚಾಗಿದ್ದರೂ ಅಚ್ಚಾಗದ ಹಾಗೆ. ಅಕ್ಕನ ಹೆಸರು ಕೆಟ್ಟಿಲ್ಲ. ಅದು ಇನ್ನೂ ಯಾವ ಗಿಡಕ್ಕೂ ಅಂಟಿಲ್ಲ, ಹೊಚ್ಚ ಹೊಸದಾಗಿ ಹಾಗೇ ಇದೆ.

ನನ್ನ ನೆಲಮಾಳಿಗೆಯ ಹೆಸರು ಬರೆಯಲು ನಿಮ್ಮ ಪೆನ್ನಿಗೆ ನಾಚಿಕೆಯಾಯಿತಲ್ಲ, ಆ ಧಿಮಾಕು ಅವಳನ್ನು ಉಳಿಸಿತು. ಜೀವಮಾನದಲ್ಲಿ ಮೊದಲ ಸಲ ನಿಮ್ಮ ದುರಹಂಕಾರದಿಂದ ಯಾರಿಗೋ ಒಳ್ಳೆಯದಾಗಿದೆ. ನಾನು ಕಪಾಟಿಗೆ ಒರಗಿಕೊಂಡು ಅತ್ತೆ, ಬೇಕಾದರೆ ನಗಿ.

ಈಗ ನೀವು ಮಾಡಬೇಕಾದ್ದು ಒಂದೇ, ಏನೂ ಮಾಡದಿರುವುದು. ಸಂಪಾದಕರಿಗೆ ಎಚ್ಚರವಾಗಿ "ಮಾದರಿ ಎಲ್ಲಿದೆ, ಒಂದು ಸಾಲಿನ ತಿದ್ದುಪಡಿ ಕಳಿಸಿ" ಎಂದು ಕೇಳುತ್ತಾರೆ. ಆ ಸಾಲು ಅಚ್ಚಾದ ಗಳಿಗೆಯೇ ಹೆಸರು ಊರ್ಜಿತವಾಗಿ ಹೋಗಿ ಆ ಗಂಟಿಗೆ ಅಂಟಿಕೊಳ್ಳುತ್ತದೆ. ಕಳಿಸಬೇಡಿ. ನಿಮ್ಮ ಶಿಸ್ತು, ಶ್ರದ್ಧೆ, ಸಮಿತಿಯ ಮರ್ಯಾದೆ ಎಲ್ಲವನ್ನೂ ಕಟ್ಟಿಟ್ಟು ಬಾಯಿಗೆ ಬೀಗ ಹಾಕಿಕೊಳ್ಳಿ. ಸೀಸೆಯ ಹೂವನ್ನೇ ಮೂಲ ಮಾದರಿ ಮಾಡಿ ನಾನು ಬರೆಯುತ್ತೇನೆ.

ಈ ಲಕೋಟೆಯನ್ನಾದರೂ ಬಂದ ದಿನವೇ ಒಡೆಯುತ್ತೀರಿ ಎಂದು ನಂಬಿದ್ದೇನೆ. ನಿಮ್ಮನ್ನು ನಂಬುವುದು ನನಗೆ ಎಷ್ಟು ಕಷ್ಟ ಎಂದು ನಿಮಗೆ ಗೊತ್ತಿದೆ.

ನಾದಿನಿ


ಮೇ ೩೦

ನಾದಿನಿಗೆ,

ಬಂದ ದಿನವೇ ಒಡೆದೆ. ಮೆಟ್ಟಿಲ ಮೇಲೆ ನಿಂತೇ ಓದಿದೆ.

ಸಂಪಾದಕರ ಪತ್ರ ಅದಕ್ಕೂ ಮೊದಲೇ ಬಂದಿತ್ತು. ನೀನು ಹೇಳಿದ ಮಾತನ್ನೇ ಕೇಳಿದ್ದರು. ಹೇಗೂ ಎಲ್ಲ ಕೆಟ್ಟಾಯಿತು ಎಂದುಕೊಂಡು ಅವರು ಕೇಳಿದ ಸಾಲನ್ನು ಬರೆದು, ವಿಳಾಸ ಬರೆದು, ಅಂಚೆಗೆ ಕೊಡಲು ಕೈಯಲ್ಲೇ ಹಿಡಿದುಕೊಂಡು ಇಳಿಯುತ್ತಿದ್ದೆ. ಹರಿದು ಹಾಕಿದೆ. ಬೇರೆ ಪತ್ರ ಬರೆದೆ: ಆಶ್ರಯದ ಬಳ್ಳಿಯ ಗಂಟನ್ನು ಮೊಗ್ಗೆಂದು ತಿಳಿದೆ, ತಪ್ಪು ಪೂರ್ತಿ ನನ್ನದು, ಲೇಖನವನ್ನು ಕೈಬಿಡುತ್ತಿದ್ದೇನೆ ಎಂದು. ಸಮಿತಿಯಲ್ಲಿ ಈಗ ನನಗೆ ದ್ರಾಕ್ಷಿ ಪ್ರೊಫೆಸರ್ ಎಂದು ಹೆಸರು ಬಿದ್ದಿದೆ. ಅಧ್ಯಕ್ಷತೆ ಬಿಟ್ಟೆ. ನಿನಗೆ ಸಂತೋಷವಾಗಲಿ ಎಂದು ಹೇಳುತ್ತಿದ್ದೇನೆ.

ಒಂದು ವಿಷಯದಲ್ಲಿ ಮಾತ್ರ ನಿನ್ನ ಲೆಕ್ಕ ತಪ್ಪಿದೆ. ನಿನ್ನ ನೆಲಮಾಳಿಗೆಯ ಹೆಸರು ಬಿಟ್ಟದ್ದು ಧಿಮಾಕಿನಿಂದಲ್ಲ. ಧಿಮಾಕು ಎಂದು ನೀನು ತಿಳಿಯುವ ಹಾಗೆ ನಾನೇ ಬರೆದೆ, ಹಾಗೆ ಬರೆಯುವುದು ಸುಲಭವಾಗಿತ್ತು. ಅಲ್ಲಿ ನಿನ್ನ ಭಂಡಾರದ ಹೆಸರು ಬರೆದರೆ ಪೊಟ್ಟಣವನ್ನು ನಿನಗೆ ಕೊಡಬೇಕಾಗುತ್ತದೆ. ಕೊಟ್ಟರೆ ನೀನು ಅದನ್ನು ಬಿಚ್ಚುತ್ತೀ, ತುಂಡನ್ನು ಹಾಳೆಗೆ ಹೊಲಿಯುತ್ತೀ, ಹಳೆಯ ಕಾಗದವನ್ನು ಬುಟ್ಟಿಗೆ ಹಾಕುತ್ತೀ. ಅದು ನಿನ್ನ ಕೆಲಸ, ತಪ್ಪಲ್ಲ. ಆದರೆ ಆ ಮಡಿಕೆ ಅವಳ ಕೈಯದು. ಮೂಲೆಯನ್ನು ಒಳಕ್ಕೆ ಸಿಕ್ಕಿಸಿ ಉಗುರಿನಿಂದ ಒಂದು ಗೆರೆ ಎಳೆಯುತ್ತಿದ್ದಳು. ಡಿಎನ್‌ಎಗೆ ತುಂಡು ತೆಗೆಯುವಾಗಲೂ ನಾನು ಆ ಮಡಿಕೆ ಬಿಚ್ಚಲಿಲ್ಲ, ಇನ್ನೊಂದು ಬದಿಯಲ್ಲಿ ಬ್ಲೇಡಿನಿಂದ ಸಣ್ಣದಾಗಿ ಸೀಳಿದೆ. ಊಟದ ಮೇಜಿನ ಬಳಿ ನಾನು ನೋಡಿದ್ದು ಅದೊಂದನ್ನೇ ಎಂದು ಕಾಣುತ್ತದೆ.

ಹೂವನ್ನು ಯಾವ ಕುಟುಂಬಕ್ಕೆ ಸೇರಿಸುತ್ತೀ?

ಭಾವ


ಆಗಸ್ಟ್ ೨೧

ಭಾವ,

ಇಷ್ಟು ದಿನ ಉತ್ತರ ಬರೆಯಲಿಲ್ಲ ಎಂದು ದೂರಬೇಡಿ. ಮುಚ್ಚಳ ತೆಗೆದೆ, ಆಮೇಲೆ ಕೆಲಸ ಬಹಳವಿತ್ತು. ಹೂವಿನ ಒಳಗಡೆ ಮುಳ್ಳಿನಂಥ ಏಳು ಕಡ್ಡಿಗಳಿವೆ, ನಿಮ್ಮ ನಾಲ್ಕು ಗುಂಪುಗಳಲ್ಲಿ ಯಾವುದರಲ್ಲೂ ಅಂಥವು ಇಲ್ಲ. ನೀವು ಅದನ್ನು ನೋಡದೆ ಅದರ ಬಗ್ಗೆ ಹದಿನಾಲ್ಕು ಪುಟ ಬರೆದದ್ದು ನಿಜಕ್ಕೂ ದೊಡ್ಡ ಸಾಧನೆ.

ಹಸ್ತಪ್ರತಿ ಜೊತೆಗಿದೆ. ಕುಲಕ್ಕೆ ಅಕ್ಕನ ಹೆಸರು. ಮೂಲ ಮಾದರಿ ಸೀಸೆಯ ಹೂವು, ಇಟ್ಟಿರುವುದು ನನ್ನ ನೆಲಮಾಳಿಗೆಯಲ್ಲಿ. ಆ ಸಾಲನ್ನು ದೊಡ್ಡ ಅಕ್ಷರದಲ್ಲಿ ಹಾಕಿ ಎಂದು ಸಂಪಾದಕರಿಗೆ ಹೇಳುವಷ್ಟು ಸಣ್ಣವಳು ನಾನು, ಹೇಳಿಯೂ ಆಯಿತು. ಕುಟುಂಬ ಎಂಬಲ್ಲಿ "ಇನ್ನೂ ತಿಳಿಯದು" ಎಂದು ಬರೆದಿದ್ದೇನೆ. ಸುಳ್ಳು ನೆಂಟಸ್ತಿಕೆಗಿಂತ ಅದೇ ಮೇಲು. ಬಳ್ಳಿ ಮತ್ತೆ ಹೂ ಬಿಡುವ ಕಾಲಕ್ಕೆ ನಾನು ಅಲ್ಲಿಗೆ ಹೋಗುತ್ತೇನೆ. ತಾಜಾ ಹೂವು ಸಿಕ್ಕರೆ ಡಿಎನ್‌ಎ ತೆಗೆಸಬಹುದು. ನಿಮ್ಮ ಮಂಡಿ ಕೇಳುವುದಾದರೆ ಬನ್ನಿ, ಚೀಲ ಹೊರುವವರು ಬೇಕು. ಬಾಯಿ ತೆರೆಯಬಾರದು.

ಲೇಖಕರ ಜಾಗದಲ್ಲಿ ಇಬ್ಬರ ಹೆಸರಿದೆ. ನಿಮ್ಮದು ಎರಡನೆಯದು. ಬೇಡ ಎನ್ನುವ ಹಕ್ಕು ನಿಮಗಿಲ್ಲ. ಅವಳಿಗೆ ಹೆಸರಿಡಬೇಕೆಂದು ಮೊದಲು ಹೊಳೆದದ್ದು ನಿಮಗೆ, ನನಗಲ್ಲ. ಇದನ್ನು ಒಪ್ಪಿಕೊಳ್ಳುವಾಗ ಹೊಟ್ಟೆ ಎಷ್ಟು ಉರಿಯಿತೆಂದು ಕೇಳಬೇಡಿ. ಗುರುತು ಹಾಕಿದ ಕಡೆ ಸಹಿ ಮಾಡಿ ಕಳಿಸಿ.

ಇನ್ನು ನೀವು ನನ್ನ ಕಪಾಟಿನಿಂದ ಒಯ್ದ ಸಾಮಾನು. ಬಳ್ಳಿಯ ತುಂಡಿಗೆ ಹುಳ ಬೇಗ ಬೀಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ತೆಗೆದು, ಆಗಾಗ ಕೆಲವು ದಿನ ಫ್ರಿಜ್ಜಿನ ಮಂಜಿನ ಖಾನೆಯಲ್ಲಿಡಿ. ಹೊರಗೆ ತೆಗೆದ ಕೂಡಲೇ ಚೀಲ ಬಿಚ್ಚಬೇಡಿ, ಕಾಗದ ಬೆವರಿ ಮಡಿಕೆ ಸಡಿಲವಾಗುತ್ತದೆ. ಬಿಸಿಲಿಗೆ ಇಡಬೇಡಿ, ಸಂಖ್ಯೆ ಮಾಸುತ್ತದೆ. ಕಳೆದ ಹತ್ತು ವರ್ಷಗಳಲ್ಲಿ ನೀವು ಒಯ್ದ ಪುಸ್ತಕಗಳು, ಎರಡು ಭೂತಗನ್ನಡಿ, ನನ್ನ ಒಳ್ಳೆಯ ಕತ್ತರಿ, ಅಕ್ಕನ ಮದುವೆಯ ವರ್ಷದಿಂದ ನಿಮ್ಮಲ್ಲೇ ಇರುವ ನಮ್ಮ ಮನೆಯ ಕೊಡೆ, ಎಲ್ಲವನ್ನೂ ಈ ತಿಂಗಳೊಳಗೆ ಹಿಂದಿರುಗಿಸಿ.

ಪೊಟ್ಟಣ ಬಿಟ್ಟು.

ನಾದಿನಿ